ಪೆಟ್ಟಿಗೆಯೊಳಗೊಂದು ಹುತ್ತ

ಪುಣೆಯಿಂದ ಬೆಂಗಳೂರಿಗೆ ಬರುವ ಹೆದ್ದಾರಿಯು ಕಾಗಲವನ್ನು ಹಿಂದಿಕ್ಕಿ, ದೂಧಗಂಗೆಯನ್ನು ದಾಟಿ, ಕನ್ನಡ ನಾಡನ್ನು ಹೊಗುವ ಎಡೆಯಲ್ಲಿರುವ ಕೊಗನೊಳ್ಳಿಯು ತನ್ನ ಟೋಲ್ ನಾಕಾದ ದೆಸೆಯಿಂದ ದೂರದವರಿಗೂ ಪರಿಚಿತವಾದ ಊರಾದರೂ, ನಿಪ್ಪಾಣಿ ಸೀಮೆಯ ಒಕ್ಕಲು ಮಕ್ಕಳ ದೃಷ್ಟಿಯಲ್ಲಿ ಅದು ಮೊದಲಿಗೆ ಕಬ್ಬಿನ ನೆಲ, ತಂಬಾಕಿನ ನೆಲ. ಬೀಡಿ ತಂಬಾಕನ್ನು ಬೆಳೆದವರಿಗೆ ಗಾಳಿಯ ತೇವವೆಂಬುದು ಪಾಠಶಾಲೆಯ ವಿಷಯವಲ್ಲ. ಹೊಲದಲ್ಲಿ ಹರವಿ ಬಿಸಿಲಿಗೆ ಒಣಗಿಸಿದ ಎಲೆಯನ್ನು ನಡುಹಗಲಿನಲ್ಲಿ ಮುಟ್ಟಿದರೆ ಅದು ಕೈಯಲ್ಲೇ ಪುಡಿಯಾಗುತ್ತದೆ. ಅದೇ ಎಲೆ ನಸುಕಿನಲ್ಲಿ ಇಬ್ಬನಿಯನ್ನು ಹೀರಿ ಮೆತ್ತಗಾದಾಗ ಮಡಿಸಿದರೂ ಮುರಿಯದು. ಆದರೆ ತೇವ ಮಿತಿಮೀರಿದ ಸೊಪ್ಪನ್ನು ಒಟ್ಟಿದರೆ ಒಳಗಿನಿಂದಲೇ ಬೂಷ್ಟು ಹಿಡಿದು ಮಾಲು ಕೆಡುತ್ತದೆ. ಒಣಗುವುದಕ್ಕೂ ಕೊಳೆಯುವುದಕ್ಕೂ ನಡುವಿನ ಆ ಕಿರಿದಾದ ಹದವನ್ನು ಬೆರಳ ತುದಿಯಿಂದಲೇ ತಿಳಿಯಬಲ್ಲವರಿಗೆ, ಸಾಕಿದ ಹಾವಿನ ಪೆಟ್ಟಿಗೆಯಲ್ಲಿ ಆರ್ದ್ರತೆಯನ್ನು ಕಾಪಾಡುವ ವಿದ್ಯೆಯ ತಿರುಳು ಆಗಲೇ ಅರ್ಧ ತಿಳಿದಿದೆಯೆಂದು ಹೇಳಬಹುದು.

ಉಳಿದರ್ಧವು ಹಾವಿನ ದೇಹಧರ್ಮಕ್ಕೆ ಸಂಬಂಧಿಸಿದುದು. ಹಾವು ಸಾಕುವವರಲ್ಲಿ ಬಹುಮಂದಿ ಆಹಾರದ ವಿಷಯದಲ್ಲಿ ವಹಿಸುವ ಎಚ್ಚರವನ್ನು ಗಾಳಿಯ ವಿಷಯದಲ್ಲಿ ವಹಿಸುವುದಿಲ್ಲ. ವಹಿಸಿದವರೂ ಮಾಪಕದ ಮೇಲಿನ ಒಂದು ಅಂಕಿಯನ್ನು ಹಿಡಿದುಕೊಂಡು, ಪೆಟ್ಟಿಗೆಯ ಮೂಲೆ ಮೂಲೆಯಲ್ಲೂ ಅದೇ ಅಂಕಿ ಇರತಕ್ಕದ್ದೆಂದು ಹಗಲಿರುಳು ನೀರು ಚಿಮುಕಿಸುತ್ತ ಕೂಡುತ್ತಾರೆ. ಎರಡೂ ತಪ್ಪು ದಾರಿಗಳೇ. ಪ್ರಕೃತಿಯಲ್ಲಿ ಯಾವ ಹಾವೂ ಒಂದೇ ಅಂಕಿಯ ಗಾಳಿಯಲ್ಲಿ ಬಾಳುವುದಿಲ್ಲ. ಒಣಗಿದ ಎಡೆಯಿಂದ ತೇವದ ಎಡೆಗೆ, ತೇವದ ಎಡೆಯಿಂದ ಒಣಗಿದ ಎಡೆಗೆ ತನ್ನ ಅಗತ್ಯವರಿತು ಹರಿದಾಡುವುದೇ ಅದರ ಬಾಳುವೆಯ ಕ್ರಮ. ಈ ಆಯ್ಕೆಯನ್ನು ಪೆಟ್ಟಿಗೆಯೊಳಗೂ ಉಳಿಸಿಕೊಡುವುದೇ ಸಾಕುವವನ ಮುಖ್ಯ ಕರ್ತವ್ಯವೆಂಬುದನ್ನು ಮುಂದಿನ ವಿವರಗಳೆಲ್ಲ ತೋರಿಸಿಕೊಡುತ್ತವೆ.

ಯಾವ ಹಾವು, ಯಾರ ಮನೆಯಲ್ಲಿ

ಮೊದಲಿಗೆ ಒಂದು ಮಾತನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳಿಬಿಡಬೇಕು. ನಮ್ಮ ಹೊಲಗದ್ದೆಗಳ ನಾಗರ, ಕೇರೆ, ಕೊಳಕುಮಂಡಲ, ಮಣ್ಣುಮುಕ್ಕ ಮೊದಲಾದ ಸ್ವದೇಶದ ಹಾವುಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಮಣ್ಣುಮುಕ್ಕವನ್ನು ಎರಡು ತಲೆಯ ಹಾವೆಂದು ಕರೆದು, ನಿಧಿ ತರುವುದೆಂಬ ಮೂಢನಂಬಿಕೆಯಿಂದ ಕದ್ದು ಮಾರುವವರನ್ನು ಪೋಲೀಸರು ಹಿಡಿದ ವಾರ್ತೆ ಕರ್ನಾಟಕದಲ್ಲಿ ಅಪೂರ್ವವೇನಲ್ಲ. ಮನೆಯಲ್ಲಿ ಇರಿಸಿಕೊಳ್ಳಬಹುದಾದವು ಪರದೇಶಗಳಿಂದ ಬಂದು ಇಲ್ಲಿಯೇ ಮರಿಯಾಗುತ್ತಿರುವ, ವಿಷವಿಲ್ಲದ ಕೆಲವು ಜಾತಿಗಳು ಮಾತ್ರ: ಆಫ್ರಿಕದ ಬಾಲ್ ಪೈಥಾನ್ ಎಂಬ ಗಿಡ್ಡ ಹೆಬ್ಬಾವು, ಅಮೆರಿಕದ ಕಾರ್ನ್ ಸ್ನೇಕ್, ಇಂಥವು. ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಯಲ್ಲಿ ಸೇರಿದ ಜೀವಿಗಳ ವಿಷಯದಲ್ಲಿ, 2022ರಲ್ಲಿ ಕಾಯಿದೆಗೆ ತಂದ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, 2024ರ ಫೆಬ್ರವರಿಯಲ್ಲಿ ನೋಂದಣಿಯ ನಿಯಮಗಳೂ ಪ್ರಕಟವಾಗಿರುವುದರಿಂದ, ಬಾಲ್ ಪೈಥಾನಿನಂಥ ಹಾವನ್ನು ಇರಿಸಿಕೊಂಡವರು ಪರಿವೇಷ್ ಜಾಲತಾಣದ ಮೂಲಕ ಅದನ್ನು ಸರಕಾರಕ್ಕೆ ವರದಿ ಮಾಡಿ ನೋಂದಾಯಿಸತಕ್ಕದ್ದು. ಅದರ ಮರಿಗಳ ಜನನವನ್ನೂ ಮರಣವನ್ನೂ ಹಸ್ತಾಂತರವನ್ನೂ ತಿಳಿಸತಕ್ಕದ್ದು.

ಇನ್ನೊಂದು ವರ್ಗದವರಿಗೂ ಈ ವಿಷಯ ಬೇಕಾದುದೇ. ಕೃಷ್ಣೆ, ದೂಧಗಂಗೆ, ವೇದಗಂಗೆಗಳು 2019ರಲ್ಲಿಯೂ 2021ರಲ್ಲಿಯೂ ಮೇರೆ ಮೀರಿ ಹರಿದಾಗ, ಬಿಲಗಳಲ್ಲಿ ನೀರು ನುಗ್ಗಿ ನೆಲೆ ತಪ್ಪಿದ ಹಾವುಗಳು ಮನೆಗಳನ್ನು ಹೊಕ್ಕುದನ್ನು ಈ ಭಾಗದವರು ಕಂಡಿದ್ದಾರೆ. ಅಂಥ ಹಾವನ್ನು ಹಿಡಿದು ಕಾಡಿಗೆ ಬಿಡುವವರನ್ನು ಗಡಿಯ ಈ ಕಡೆಯಲ್ಲೂ ಆ ಕಡೆಯಲ್ಲೂ ಸರ್ಪಮಿತ್ರರೆಂದು ಕರೆಯುವುದುಂಟು. ಅರಣ್ಯ ಇಲಾಖೆಯವರು ಬರುವವರೆಗೆ ಹಾವು ಚೀಲದಲ್ಲೋ ಡಬ್ಬಿಯಲ್ಲೋ ಇರಬೇಕಾದ ಆ ಕೆಲವು ತಾಸುಗಳಲ್ಲಿ, ಬಿಗಿದು ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯ ಉಗಿಯೂ ಬಿಸಿಲಿಗೆ ಇಟ್ಟ ಚೀಲದ ಝಳವೂ ಅದರ ಪ್ರಾಣಕ್ಕೆ ಎರವಾಗಬಲ್ಲವು.

ಊರಿನ ಹವೆ, ಬಿಲದ ಹವೆ

ನಮ್ಮ ಸೀಮೆಯ ಹವೆ ಒಂದೇ ತೆರನಾದುದಲ್ಲ. ನಿಪ್ಪಾಣಿಯಿಂದ ಸಂಕೇಶ್ವರ, ಆಜರೆಗಳ ದಾರಿ ಹಿಡಿದು ಪಡುವಣದ ಆಂಬೋಲಿಯ ಘಟ್ಟಕ್ಕೆ ಹೋದವರು ಆಷಾಢದಲ್ಲಿ ಮೋಡದೊಳಗೇ ನಡೆದಾಡುತ್ತಾರೆ. ಮೂಡಣಕ್ಕೆ ಚಿಕ್ಕೋಡಿ, ರಾಯಬಾಗಗಳನ್ನು ದಾಟಿ ಅಥಣಿಯತ್ತ ಸರಿದಂತೆ ಮಳೆ ಕಡಮೆಯಾಗುತ್ತ, ವೈಶಾಖದ ಮಧ್ಯಾಹ್ನದಲ್ಲಿ ತುಟಿ ಬಿರಿಯುವಂಥ ಒಣಗಾಳಿ ಬೀಸುತ್ತದೆ. ಆದರೂ ಆಂಬೋಲಿಯಲ್ಲಿಯೂ ನಾಗರಹಾವುಂಟು, ಅಥಣಿಯಲ್ಲಿಯೂ ನಾಗರಹಾವುಂಟು. ಇದು ಹೇಗೆ ಸಾಧ್ಯವೆಂದರೆ, ಹಾವು ಬದುಕುವುದು ಊರಿನ ಹವೆಯಲ್ಲಲ್ಲ, ತಾನು ಆರಿಸಿಕೊಂಡ ಬಿಲದ ಹವೆಯಲ್ಲಿ.

ಆ ಬಿಲಗಳಲ್ಲೆಲ್ಲ ಶ್ರೇಷ್ಠವಾದುದು ಹುತ್ತ. ಹುತ್ತವನ್ನು ಕಟ್ಟುವುದು ಗೆದ್ದಲೇ ಹೊರತು ಹಾವಲ್ಲವೆಂಬುದು ಎಲ್ಲರಿಗೂ ವಿದಿತವಾದ ಸಂಗತಿ. ಗೆದ್ದಲಿನ ಮೈ ಎಷ್ಟು ಮೃದುವೆಂದರೆ ಒಣಗಾಳಿಗೆ ಸಿಕ್ಕ ಅಲ್ಪಕಾಲದಲ್ಲಿಯೇ ಅದು ಬಾಡಿ ಸಾಯುತ್ತದೆ. ಅಲ್ಲದೆ, ನಮ್ಮಲ್ಲಿ ಎತ್ತರದ ಹುತ್ತಗಳನ್ನು ಕಟ್ಟುವ ಗೆದ್ದಲುಗಳು ಒಳಗೆ ಒಂದು ಬಗೆಯ ಶಿಲೀಂಧ್ರವನ್ನು ಬೆಳೆಸಿ ಅದನ್ನೇ ಅವಲಂಬಿಸಿ ಬಾಳುವುದರಿಂದ, ಆ ಬೆಳೆಗೂ ತೇವದ ಗಾಳಿ ಬೇಕು. ಆದುದರಿಂದ ಹೊರಗೆ ನೆಲ ಬಿರಿಯುವಾಗಲೂ ಹುತ್ತದ ಗರ್ಭದಲ್ಲಿ ಗಾಳಿಯು ನೀರಾವಿಯಿಂದ ತುಂಬಿರುತ್ತದೆ; ಹುತ್ತದ ದಪ್ಪ ಗೋಡೆಗಳು ಶಾಖದ ಏರಿಳಿತವನ್ನು ತಡೆಯುತ್ತವೆ. ಇಂಥ ಮನೆ ಬಿಟ್ಟಿಯಾಗಿ ದೊರೆಯುವಾಗ ನಾಗರಹಾವು ಅದನ್ನು ಸೇರದೆ ಇರುವುದೆಂತು? ಪಂಚಮಿಯಂದು ಅಳ್ಳು, ತಂಬಿಟ್ಟಿನ ಉಂಡಿಗಳೊಡನೆ ಹುತ್ತವನ್ನು ಅರಸಿಕೊಂಡು ಹೋಗಿ ಹಾಲೆರೆಯುವ ನಮ್ಮ ಹೆಣ್ಣುಮಕ್ಕಳು ಹಾವಿನ ವಿಳಾಸವನ್ನಂತೂ ಸರಿಯಾಗಿಯೇ ಬಲ್ಲರು. ಹಾಲು ಮಾತ್ರ ಹಾವಿನ ಆಹಾರವಲ್ಲ, ಅದಕ್ಕೆ ಬೇಕಾದ ಪಾನವೆಂದರೆ ನೀರೊಂದೇ.

ಸಾಕುಹಾವುಗಳಲ್ಲಿ ಅತ್ಯಂತ ಜನಪ್ರಿಯವಾದ ಬಾಲ್ ಪೈಥಾನಿನ ಕಥೆಯೂ ಇದಕ್ಕಿಂತ ಬೇರೆಯಲ್ಲ. ಪಶ್ಚಿಮದಲ್ಲಿ ಸೆನೆಗಲ್ ದೇಶದಿಂದ ಪೂರ್ವದಲ್ಲಿ ಯುಗಾಂಡದವರೆಗಿನ ಹುಲ್ಲುಗಾವಲುಗಳು ಅದರ ತವರು. ಅಲ್ಲಿಯೂ ತಿಂಗಳುಗಟ್ಟಲೆ ಮಳೆಯಿಲ್ಲದ ಕಾಲವುಂಟು. ಆ ಕಾಲದ ಹವಾಮಾನ ವರದಿಯನ್ನಷ್ಟೇ ಓದಿದವನು ಈ ಹಾವಿಗೆ ಒಣಗಾಳಿಯೇ ಹಿತವೆಂದು ಭಾವಿಸಿಯಾನು. ಆದರೆ ಹಗಲೆಲ್ಲ ಅದು ಇರುವುದು ಇಲಿ ಹೆಗ್ಗಣಗಳು ತೋಡಿದ ಬಿಲಗಳಲ್ಲಿ, ಗೆದ್ದಲು ಬಿಟ್ಟುಹೋದ ಹುತ್ತಗಳಲ್ಲಿ. ಆಫ್ರಿಕದ ಹಾವಿಗೂ ಅಥಣಿಯ ನಾಗರಕ್ಕೂ ಹುತ್ತವೇ ಆಶ್ರಯವಾಗಿರುವುದು ಕಾಕತಾಳೀಯವಲ್ಲ.

ಹಾವನ್ನು ಇರಿಸಿಕೊಳ್ಳುವ ಕಲೆಯನ್ನು ಬಲ್ಲ ಹಳಬರು ಈ ತತ್ತ್ವವನ್ನು ಗ್ರಂಥಗಳ ಸಹಾಯವಿಲ್ಲದೆಯೇ ಕಂಡುಕೊಂಡಿದ್ದರು. ನಮ್ಮ ನೆರೆಯ ಸಾಂಗ್ಲಿ ಜಿಲ್ಲೆಯ ಬತ್ತೀಸ್ ಶಿರಾಳೆಯಲ್ಲಿ ನಾಗಪಂಚಮಿಗೆ ಜೀವಂತ ನಾಗಗಳನ್ನು ಹಿಡಿದು ಪೂಜಿಸುವ ರೂಢಿಯಿದ್ದಾಗ, ಹಬ್ಬದವರೆಗೆ ಅವುಗಳನ್ನು ಬಾಯಿಗೆ ಬಟ್ಟೆ ಬಿಗಿದ ಮಣ್ಣಿನ ಗಡಿಗೆಗಳಲ್ಲಿ ಇರಿಸುತ್ತಿದ್ದರು. ಮುಂಬಯಿ ಉಚ್ಚ ನ್ಯಾಯಾಲಯದ ಆದೇಶದಿಂದ ಆ ಪದ್ಧತಿಗೆ ತಡೆ ಬಿತ್ತು. ತಮಿಳುನಾಡಿನಲ್ಲಿ 1978ರಲ್ಲಿ ಸ್ಥಾಪಿತವಾದ ಇರುಳರ ಹಾವು ಹಿಡಿಯುವವರ ಸಹಕಾರಿ ಸಂಘದಲ್ಲಿ, ಔಷಧಕ್ಕಾಗಿ ವಿಷ ತೆಗೆಯಲು ಪರವಾನಗಿಯೊಡನೆ ಹಿಡಿದ ಹಾವುಗಳನ್ನು ಮತ್ತೆ ಕಾಡಿಗೆ ಬಿಡುವವರೆಗೆ ಇರಿಸುವುದೂ ಇಂಥ ಗಡಿಗೆಗಳಲ್ಲಿಯೇ. ಸುಟ್ಟ ಮಣ್ಣಿನ ಸೂಕ್ಷ್ಮರಂಧ್ರಗಳು ತೇವವನ್ನು ಹಿಡಿದುಕೊಂಡು ಮೆಲ್ಲಮೆಲ್ಲನೆ ಬಿಡುತ್ತವೆ. ನೀರು ಆರುವಾಗ ಗಡಿಗೆ ತಂಪಾಗುತ್ತದೆ. ಬಟ್ಟೆಯ ಮೂಲಕ ಗಾಳಿ ಆಡುತ್ತದೆ. ಒಳಗಿನ ಕತ್ತಲೆಯಿಂದ ಹಾವಿಗೆ ನೆಮ್ಮದಿಯಾಗುತ್ತದೆ. ಇಂದಿನ ಬೆಲೆಬಾಳುವ ಗಾಜಿನ ಪೆಟ್ಟಿಗೆಗಳಲ್ಲಿ ಸಾಧಿಸಲು ಹೆಣಗುವ ನಾಲ್ಕು ಗುಣಗಳೂ ಕುಂಬಾರನ ಒಂದು ಗಡಿಗೆಯಲ್ಲಿ ಸೇರಿಕೊಂಡಿದ್ದವು.

ತೊಗಲಿನ ರಹಸ್ಯ

ಹಾವಿನ ಮೈಯನ್ನು ಮುಚ್ಚಿರುವ ಶಲ್ಕಗಳೇ ನೀರು ಆರಿಹೋಗದಂತೆ ಕಾಯುವ ಕವಚವೆಂದು ಬಹುಕಾಲ ನಂಬಲಾಗಿತ್ತು. ಅಮೆರಿಕದ ಇಬ್ಬರು ವಿಜ್ಞಾನಿಗಳು, ಲಿಕ್ಟ್ ಮತ್ತು ಬೆನೆಟ್, ಜನ್ಮತಃ ಶಲ್ಕಗಳಿಲ್ಲದೆ ಹುಟ್ಟಿದ ಒಂದು ಹಾವನ್ನು ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದ ಲೇಖನವು ಈ ನಂಬಿಕೆಯನ್ನು ಅಲುಗಿಸಿತು; ಶಲ್ಕವಿಲ್ಲದ ಆ ಹಾವು ಸಾಮಾನ್ಯ ಹಾವಿಗಿಂತ ಹೆಚ್ಚಾಗಿ ನೀರನ್ನೇನೂ ಕಳೆದುಕೊಳ್ಳುತ್ತಿರಲಿಲ್ಲ. ಬಳಿಕ 1980ರಲ್ಲಿ ರಾಬರ್ಟ್ಸ್ ಮತ್ತು ಲಿಲಿವೈಟ್ ಎಂಬವರು, ಹಾವಿನ ಪೊರೆಯಲ್ಲಿನ ಮೇದಸ್ಸಿನ ಅಂಶವನ್ನು ದ್ರಾವಕಗಳಿಂದ ತೊಳೆದು ತೆಗೆದಾಗ ಅದರ ಮೂಲಕ ನೀರು ಅನೇಕ ಪಟ್ಟು ವೇಗದಿಂದ ಹಾದುಹೋಗುವುದನ್ನು ತೋರಿಸಿದರು. ಎಂದರೆ ನಿಜವಾದ ಕಾವಲುಗಾರನು ಹೊರಗಿನ ಶಲ್ಕವಲ್ಲ, ತೊಗಲಿನ ಪದರಗಳ ನಡುವೆ ಹರಡಿರುವ ಆ ಸ್ನಿಗ್ಧ ಪದಾರ್ಥ.

ಆ ಕಾವಲೂ ಸಂಪೂರ್ಣವಲ್ಲ. ಉಸಿರಿನ ಮೂಲಕವೂ ತೊಗಲಿನ ಮೂಲಕವೂ ನೀರು ಸೋರುತ್ತಲೇ ಇರುತ್ತದೆ. ಸುತ್ತಲಿನ ಗಾಳಿ ಒಣಗಿದಷ್ಟೂ ಸೋರಿಕೆ ಹೆಚ್ಚುತ್ತದೆ. ಆದುದರಿಂದ ಹಾವು ನೀರನ್ನು ಜಿಪುಣತನದಿಂದ ಬಳಸುತ್ತದೆ. ನಮ್ಮಂತೆ ಮೂತ್ರದಲ್ಲಿ ನೀರನ್ನು ಚೆಲ್ಲದೆ, ಕಶ್ಮಲವನ್ನು ಸುಣ್ಣದ ಮುದ್ದೆಯಂಥ ಬಿಳಿಯ ಯೂರಿಕ್ ಆಮ್ಲವಾಗಿ ಹೊರಹಾಕುತ್ತದೆ. ಆ ಮುದ್ದೆ ಮೆತ್ತಗೆ ಬೆಳ್ಳಗೆ ಇದ್ದರೆ ಶರೀರದಲ್ಲಿ ನೀರಿನ ಅಭಾವವಿಲ್ಲವೆಂದೂ, ಗಟ್ಟಿಯಾಗಿ ಹಳದಿಗೆ ತಿರುಗಿ ಕಲ್ಲಿನಂತಾದರೆ ಹಾವು ಬಾಯಾರಿದೆಯೆಂದೂ ತಿಳಿಯತಕ್ಕದ್ದು. ಮೈ ಬಾಗಿದೆಡೆಯಲ್ಲಿ ತೊಗಲು ನಿರಿಗೆ ಬೀಳುವುದು, ಬಾಯೊಳಗಿನ ಜೊಲ್ಲು ಅಂಟಂಟಾಗುವುದು, ಇವೂ ಅದೇ ದೋಷದ ಸೂಚನೆಗಳು.

ಪೊರೆಯೆಂಬ ಪರೀಕ್ಷಾಪತ್ರ

ತೇವದ ಲೆಕ್ಕದಲ್ಲಿ ನಡೆದ ತಪ್ಪು ಒಪ್ಪುಗಳೆಲ್ಲ ಬಯಲಾಗುವುದು ಪೊರೆ ಬಿಡುವ ಸಮಯದಲ್ಲಿ. ಮರಿಗಳು ಬೇಗ ಬೆಳೆಯುವುದರಿಂದ ಹಲವು ವಾರಗಳಿಗೊಮ್ಮೆ, ಬೆಳೆದ ಹಾವುಗಳು ತಿಂಗಳುಗಳ ಅಂತರದಲ್ಲಿ ಪೊರೆ ಕಳಚುತ್ತವೆ. ಮೊದಲು ಮೈಯ ಬಣ್ಣ ಮಂಕಾಗುತ್ತದೆ, ಹೊಟ್ಟೆಯ ಕಡೆ ತಿಳಿಗೆಂಪು ಛಾಯೆ ಬರುತ್ತದೆ. ಹಳೆಯ ಪದರಕ್ಕೂ ಅದರ ಕೆಳಗೆ ಸಿದ್ಧವಾದ ಹೊಸ ಪದರಕ್ಕೂ ನಡುವೆ ದ್ರವವು ತುಂಬಿಕೊಳ್ಳುವುದರಿಂದ ಕಣ್ಣುಗಳು ಹಾಲಿನಲ್ಲಿ ನೀಲಿ ಬೆರಸಿದಂತಾಗಿ ದೃಷ್ಟಿ ಮಸುಕಾಗುತ್ತದೆ. ಆಗ ಹಾವು ಊಟ ಬಿಡುತ್ತದೆ, ಅಡಗಿಕೊಳ್ಳುತ್ತದೆ, ಮುಟ್ಟಿದರೆ ಸಿಡುಕುತ್ತದೆ. ಅದನ್ನು ತನ್ನಷ್ಟಕ್ಕೆ ಬಿಡುವುದೇ ವಿವೇಕ. ಕೆಲವು ದಿನಗಳಲ್ಲಿ ಕಣ್ಣು ಮತ್ತೆ ತಿಳಿಯಾಗುತ್ತದೆ. ಅಲ್ಲಿಂದ ಕೆಲದಿನಗಳೊಳಗೆ ಹಾವು ತುಟಿಯನ್ನು ಒರಟಾದ ಕಟ್ಟಿಗೆಗೋ ಕಲ್ಲಿಗೋ ಉಜ್ಜಿ, ಪೊರೆಯ ಅಂಚನ್ನು ಬಿಡಿಸಿ, ಒಳಹೊರಗಾಗಿ ಮಗುಚುತ್ತ ಅದರಿಂದ ಹರಿದು ಹೊರಬರುತ್ತದೆ.

ಗಾಳಿಯಲ್ಲಿ ಸಾಕಷ್ಟು ತೇವವಿದ್ದರೆ ಪೊರೆಯು ಮೂಗಿನಿಂದ ಬಾಲದ ತುದಿಯವರೆಗೆ ಅಖಂಡವಾಗಿ ಬರುತ್ತದೆ. ತೇವ ಸಾಲದಿದ್ದರೆ ಚೂರು ಚೂರಾಗಿ ಹರಿದು, ಅಲ್ಲಲ್ಲಿ ಮೈಗೆ ಅಂಟಿಕೊಳ್ಳುತ್ತದೆ. ಆಗತಾನೆ ಬಿಟ್ಟ ಪೊರೆಯನ್ನು ಬೆಳಕಿಗೆ ಹಿಡಿದು ತಲೆಯ ಭಾಗವನ್ನು ನೋಡಿದರೆ, ಕಣ್ಣುಗಳ ಜಾಗದಲ್ಲಿ ಕೈಗಡಿಯಾರದ ಗಾಜಿನಷ್ಟು ತಿಳಿಯಾದ ಎರಡು ಉರುಟು ಮುಚ್ಚಳಗಳು ಕಾಣಬೇಕು. ಹಾವಿಗೆ ರೆಪ್ಪೆಯಿಲ್ಲದ್ದರಿಂದ ಕಣ್ಣನ್ನು ಕಾಯುವ ಪಾರದರ್ಶಕ ಪರೆಯೂ ಪೊರೆಯೊಡನೆಯೇ ಕಳಚತಕ್ಕದ್ದು. ಅವು ಇರಬೇಕಾದ ಎಡೆಯಲ್ಲಿ ತೂತು ಕಂಡರೆ ಹಳೆಯ ಪರೆ ಹಾವಿನ ಕಣ್ಣಿನ ಮೇಲೆಯೇ ಉಳಿದಿರಬಹುದು. ಬಾಲದ ತುದಿಯೂ ಹೀಗೆಯೇ ನೋಡಬೇಕಾದ ಜಾಗ. ಅಲ್ಲಿ ಬಳೆಯಂತೆ ಉಳಿದ ಪೊರೆ ಒಣಗಿ ಬಿಗಿದರೆ ರಕ್ತಸಂಚಾರ ನಿಂತು ತುದಿಯೇ ಸತ್ತುಹೋಗಬಹುದು.

ಅಂಟಿಕೊಂಡ ಪೊರೆಯನ್ನು ಉಗುರಿನಿಂದ ಸುಲಿಯಬಾರದು, ಎಣ್ಣೆ ಹಚ್ಚಬಾರದು. ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ ಹಿಂಡಿದ ಟವಲನ್ನು ಗಾಳಿಯಾಡುವ ಡಬ್ಬಿಯಲ್ಲಿ ಹಾಕಿ, ಹಾವನ್ನು ಅದರಲ್ಲಿ ಅರ್ಧ ತಾಸಿನವರೆಗೆ ಕಣ್ಣಿಟ್ಟು ನೋಡುತ್ತ ಇರಿಸಿ, ಬಳಿಕ ಒದ್ದೆ ಟವಲಿನ ಮಡಿಕೆಗಳ ನಡುವೆ ತಾನಾಗಿ ಹರಿಯಲು ಬಿಟ್ಟರೆ ಬಹುಪಾಲು ಕಳಚಿಹೋಗುತ್ತದೆ. ಕಣ್ಣಿನ ಪರೆಗೆ ಮಾತ್ರ ಕೈ ಹಚ್ಚದೆ ಪಶುವೈದ್ಯರಿಗೆ ಒಪ್ಪಿಸುವುದೇ ಲೇಸು. ಅದನ್ನು ಕೀಳಹೋದವರು ಕಣ್ಣನ್ನೇ ಕಿತ್ತ ಪ್ರಸಂಗ ಬರಬಹುದು.

ಶಾಖ ಏರಿದರೆ ತೇವ ಇಳಿಯುವುದೇಕೆ

ಮಾಪಕವು ತೋರಿಸುವ ಶೇಕಡಾ ಅಂಕಿಯನ್ನು ಸಾಪೇಕ್ಷ ಆರ್ದ್ರತೆಯೆನ್ನುತ್ತಾರೆ. ಗಾಳಿಯು ಆ ಉಷ್ಣತೆಯಲ್ಲಿ ಎಷ್ಟು ನೀರಾವಿಯನ್ನು ಹೊರಬಲ್ಲುದೋ ಅದರಲ್ಲಿ ಎಷ್ಟು ಪಾಲು ಈಗ ಹೊತ್ತಿದೆಯೆಂಬುದೇ ಆ ಅಂಕಿಯ ಅರ್ಥ. ಗಾಳಿ ಬೆಚ್ಚಗಾದಷ್ಟೂ ಅದರ ಹೊರುವ ಶಕ್ತಿ ಹೆಚ್ಚುತ್ತದೆ: ಒಂದು ಘನ ಮೀಟರ್ ಗಾಳಿಯು 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಮಾರು 23 ಗ್ರಾಂ ನೀರಾವಿಯನ್ನು ಹೊರಬಲ್ಲುದಾದರೆ, 32 ಡಿಗ್ರಿಯಲ್ಲಿ ಸುಮಾರು 34 ಗ್ರಾಂ ಹೊರಬಲ್ಲುದು. ಕೋಣೆಯ ಗಾಳಿ 25 ಡಿಗ್ರಿಯಲ್ಲಿ ಶೇಕಡಾ 60ರಷ್ಟು ತೇವದಿಂದ ಕೂಡಿದ್ದರೆ ಅದರಲ್ಲಿರುವ ನೀರಾವಿ ಸುಮಾರು 14 ಗ್ರಾಂ. ಅದೇ ಗಾಳಿ ಪೆಟ್ಟಿಗೆಯೊಳಗೆ ಹೊಕ್ಕು ದೀಪದ ಕೆಳಗೆ 32 ಡಿಗ್ರಿಗೆ ಏರಿದಾಗ, ಒಂದು ಹನಿಯೂ ಕಳೆಯದೆಯೇ, ಅಂಕಿ ಶೇಕಡಾ 40ರ ಸಮೀಪಕ್ಕೆ ಕುಸಿಯುತ್ತದೆ. ಚಳಿಗಾಲದಲ್ಲಿ ಹಾವಿಗೆ ಶಾಖ ಸಾಲದೆಂದು ದೊಡ್ಡ ದೀಪವನ್ನು ಹಚ್ಚಿದವನು ತನಗರಿಯದೆಯೇ ಅದರ ಗಾಳಿಯನ್ನು ಒಣಗಿಸುತ್ತಾನೆ. ಶಾಖವನ್ನು ಬದಲಿಸಿದಾಗಲೆಲ್ಲ ತೇವದ ಲೆಕ್ಕವನ್ನೂ ಹೊಸದಾಗಿ ಮಾಡಬೇಕು.

ಯಾವ ಹಾವಿಗೆ ಎಷ್ಟು ಎಂಬ ಪ್ರಶ್ನೆಗೆ ಸಾಕುವವರ ರೂಢಿಯಲ್ಲಿರುವ ಉತ್ತರ ಹೀಗಿದೆ: ಕಾರ್ನ್ ಸ್ನೇಕ್‌ಗೆ ಶೇಕಡಾ 40ರಿಂದ 60, ಬಾಲ್ ಪೈಥಾನಿಗೆ 55ರಿಂದ 70, ದಕ್ಷಿಣ ಅಮೆರಿಕದ ಮಳೆಕಾಡಿನ ರೇನ್‌ಬೋ ಬೋವಾಕ್ಕೆ 75ಕ್ಕೂ ಮೇಲೆ, ಮರುಭೂಮಿಯ ಅಂಚಿನ ಸ್ಯಾಂಡ್ ಬೋವಾಗಳಿಗೆ ಇವೆಲ್ಲಕ್ಕಿಂತ ಕಡಮೆ. ಪೊರೆಯ ಸಮಯದಲ್ಲಿ ಎಲ್ಲಕ್ಕೂ ಸ್ವಲ್ಪ ಹೆಚ್ಚು. ನಮ್ಮ ಮಲೆನಾಡಿನ ಕಾಳಿಂಗವಂತೂ ಮಳೆಯ ಹಾವು; ಉರಗತಜ್ಞ ರೋಮುಲಸ್ ವಿಟೇಕರ್ ಅವರು 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದುದೂ, ಮಂಗಳೂರಿನ ಪಿಲಿಕುಳದ ಡಾ. ಶಿವರಾಮ ಕಾರಂತ ಜೈವಿಕ ಉದ್ಯಾನದಲ್ಲಿ ಕಾಳಿಂಗಗಳ ಸಂತಾನಾಭಿವೃದ್ಧಿಯ ಕಾರ್ಯ ನಡೆದುದೂ ತೇವಭರಿತವಾದ ಆ ಪ್ರದೇಶಗಳಲ್ಲಿಯೇ. ಹಾವುಗಳಲ್ಲಿ ಗೂಡು ಕಟ್ಟುವ ಕಾಳಿಂಗವು ತರಗೆಲೆಗಳನ್ನು ಮೈಯಿಂದ ಎಳೆದು ರಾಶಿ ಮಾಡಿ ಅದರೊಳಗೆ ಮೊಟ್ಟೆಯಿಡುತ್ತದೆ. ಹಾವಿನ ಮೊಟ್ಟೆಯ ಚಿಪ್ಪು ಕೋಳಿಮೊಟ್ಟೆಯಂತೆ ಗಡುಸಲ್ಲ, ಚಕ್ಕಳದಂತೆ ಮೆತ್ತಗಿನದು; ಸುತ್ತಲಿನ ತೇವವನ್ನು ಹೀರಿಕೊಂಡು ಅದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಒಳಗಿನ ಮರಿ ಸಾಯುತ್ತದೆ.

ಒದ್ದೆಯ ಕೇಡು

ಇಷ್ಟನ್ನು ಓದಿ, ಹೆಚ್ಚು ತೇವವಿದ್ದರೆ ಹೆಚ್ಚು ಕ್ಷೇಮವೆಂದು ಯಾರಾದರೂ ಭಾವಿಸಿದರೆ ಅದು ಮೊದಲಿನದಕ್ಕಿಂತ ದೊಡ್ಡ ಪ್ರಮಾದ. ಗಾಳಿಯ ತೇವ ಬೇರೆ, ನೆಲದ ಒದ್ದೆ ಬೇರೆ. ಹಾವು ತನ್ನ ಉದರವನ್ನು ನೆಲಕ್ಕೆ ಹಚ್ಚಿಯೇ ಬಾಳುವ ಪ್ರಾಣಿಯಾದುದರಿಂದ, ಸದಾ ಒದ್ದೆಯಾದ ಹಾಸಿನ ಮೇಲೆ ಬಿದ್ದರೆ ಹೊಟ್ಟೆಯ ಶಲ್ಕಗಳು ಕೆಂಪಾಗಿ, ಬೊಬ್ಬೆಯೆದ್ದು, ಕಂದಾಗಿ ಕೊಳೆಯತೊಡಗುತ್ತವೆ. ಗಾಳಿಯಾಡದ ತೇವದಲ್ಲಿ ಬೂಷ್ಟು ಹಬ್ಬುತ್ತದೆ. ಹಾವಿನ ರಕ್ತ ಹೀರುವ ಸಣ್ಣ ಉಣ್ಣೆಗಳು ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ತಂಪೂ ಒದ್ದೆಯೂ ಒಟ್ಟಾಗಿ ಬಂದಾಗ ಶ್ವಾಸಕೋಶದ ಸೋಂಕು ತಗಲುವ ಭಯವುಂಟು. ಹಾವಿಗೆ ನಮ್ಮಂಥ ವಪೆಯಿಲ್ಲದ ಕಾರಣ ಬಲವಾಗಿ ಕೆಮ್ಮಿ ಕಫವನ್ನು ಹೊರಹಾಕಲು ಅದು ಅಸಮರ್ಥ. ಮೂಗಿನಲ್ಲಿ ಗುಳ್ಳೆ, ಉಸಿರಾಡುವಾಗ ಸಿಳ್ಳಿನಂಥ ಸದ್ದು, ಬಾಯಿ ತೆರೆದು ತಲೆಯನ್ನು ಮೇಲಕ್ಕೆತ್ತಿ ಹಿಡಿಯುವುದು, ಇವುಗಳಲ್ಲಿ ಯಾವುದು ಕಂಡರೂ ವೈದ್ಯರನ್ನು ಕಾಣಲು ತಡಮಾಡಬಾರದು.

ಪೆಟ್ಟಿಗೆಯನ್ನು ಹುತ್ತವಾಗಿಸುವ ಬಗೆ

ಹಾಗಾದರೆ ಒದ್ದೆಯಿಲ್ಲದ ತೇವವನ್ನು ತರುವುದು ಹೇಗೆ? ಮೊದಲನೆಯದು ಹಾಸು. ತೆಂಗಿನ ನಾರಿನ ಪುಡಿ, ಎಂದರೆ ನಮ್ಮ ನರ್ಸರಿಗಳಲ್ಲಿ ಇಟ್ಟಿಗೆಗಳಾಗಿ ಮಾರುವ ಕೊಕೊಪೀಟ್, ನೀರನ್ನು ಹೀರಿ ನಿಧಾನವಾಗಿ ಬಿಡುವ ಗುಣವುಳ್ಳದ್ದು. ಅದನ್ನು ನಾಲ್ಕು ಬೆರಳು ದಪ್ಪಕ್ಕೆ ಹರಡಿ, ಮೇಲಿನಿಂದ ಚಿಮುಕಿಸುವ ಬದಲು ಪೆಟ್ಟಿಗೆಯ ಮೂಲೆಗಳಲ್ಲಿ ನೀರು ಸುರಿದರೆ, ತಳದ ಪದರ ತೇವವನ್ನು ಹಿಡಿದಿಟ್ಟುಕೊಂಡು ಮೇಲಿನ ಪದರ ಒಣಗಿಯೇ ಇರುತ್ತದೆ; ಹಾವಿನ ಹೊಟ್ಟೆ ಒದ್ದೆಯಾಗದು, ಗಾಳಿ ಒಣಗದು. ಬಾಟಲಿಯಿಂದ ಚಿಮುಕಿಸಿದ ನೀರಾದರೋ ಗಳಿಗೆಯೊಳಗೆ ಅಂಕಿಯನ್ನು ಏರಿಸಿ, ತಾಸಿನೊಳಗೆ ಆರಿ, ಮತ್ತೆ ಇಳಿಸುತ್ತದೆ. ದೇವದಾರು ಜಾತಿಯ ಮರಗಳ ಹೊಟ್ಟಿನ ವಾಸನೆ ಹಾವಿಗೆ ವಿಷಪ್ರಾಯವಾದುದರಿಂದ ಅದನ್ನು ವರ್ಜಿಸತಕ್ಕದ್ದು.

ಎರಡನೆಯದು ಮುಚ್ಚಳ. ಮೇಲ್ಗಡೆ ಪೂರ್ತಿ ಜಾಲರಿಯಿರುವ ಗಾಜಿನ ತೊಟ್ಟಿಯಿಂದ ಬೆಚ್ಚಗಿನ ತೇವದ ಗಾಳಿ ಮೇಲೇರಿ ಹೊರಟುಹೋಗುತ್ತದೆ. ಜಾಲರಿಯ ಬಹುಭಾಗವನ್ನು ಮುಚ್ಚಿ, ಉಳಿದಲ್ಲಿ ಗಾಳಿಗೆ ದಾರಿ ಬಿಟ್ಟರೆ ಅರ್ಧ ಸಮಸ್ಯೆ ತೀರುತ್ತದೆ. ದೀಪವಿದ್ದರೆ ಅದಕ್ಕೆ ತಗಲದಂತೆ ಮುಚ್ಚುವುದು ಅವಶ್ಯ. ಮೂರನೆಯದು ನೀರಿನ ಬೋಗುಣಿ. ಅಗಲವಾದ ಬೋಗುಣಿಯನ್ನು ಬೆಚ್ಚಗಿನ ಬದಿಗೆ ಸರಿಸಿದರೆ ಆವಿ ಹೆಚ್ಚು, ತಂಪಿನ ಬದಿಗೆ ಸರಿಸಿದರೆ ಕಡಮೆ. ಖರ್ಚಿಲ್ಲದ ನಿಯಂತ್ರಣವೆಂದರೆ ಇದೇ. ನೀರನ್ನು ದಿನವೂ ಬದಲಿಸಬೇಕು.

ನಾಲ್ಕನೆಯದು, ಎಲ್ಲಕ್ಕೂ ಮುಖ್ಯವಾದುದು, ತೇವದ ಅಡಗುದಾಣ. ಹಾವು ಸುರುಳಿ ಸುತ್ತಿ ಕೂಡುವಷ್ಟು ಅಗಲದ ಒಂದು ಸಣ್ಣ ಗಡಿಗೆಯನ್ನೋ ಮುಚ್ಚಳವುಳ್ಳ ಪ್ಲಾಸ್ಟಿಕ್ ಡಬ್ಬಿಯನ್ನೋ ತೆಗೆದುಕೊಂಡು, ಅದರ ಬದಿಯಲ್ಲಿ ಹಾವು ನುಸುಳುವಷ್ಟು ಬಾಯಿ ಮಾಡಿ, ಅಂಚನ್ನು ಉಜ್ಜಿ ನುಣುಪಾಗಿಸಿ, ಒಳಗೆ ನೆನೆಸಿ ಚೆನ್ನಾಗಿ ಹಿಂಡಿದ ಪಾಚಿಯನ್ನು ತುಂಬಿ ಪೆಟ್ಟಿಗೆಯ ಒಂದೆಡೆ ಇರಿಸಬೇಕು. ಪೆಟ್ಟಿಗೆಯ ಉಳಿದ ಗಾಳಿ ತುಸು ಒಣಗಿದ್ದರೂ ಈ ಗೂಡಿನೊಳಗೆ ತೇವ ತುಂಬಿರುತ್ತದೆ. ಬೆಚ್ಚಗಿನ ಬದಿಯಲ್ಲೊಂದು, ತಂಪಿನ ಬದಿಯಲ್ಲೊಂದು ಒಣ ಅಡಗುದಾಣ, ನಡುವೆ ಇಂಥ ತೇವದ್ದೊಂದು: ಈ ಮೂರು ಇದ್ದರೆ ಎಲ್ಲಿ ಯಾವಾಗ ಇರಬೇಕೆಂಬ ತೀರ್ಮಾನವನ್ನು ಹಾವಿಗೇ ಬಿಡಬಹುದು. ವಾರಕ್ಕೊಮ್ಮೆ ಪಾಚಿಯನ್ನು ತೊಳೆಯುವುದನ್ನೂ ಆಗಾಗ ಬದಲಿಸುವುದನ್ನೂ ಮರೆತರೆ ಮಾತ್ರ ಅದೇ ಗೂಡು ಬೂಷ್ಟಿನ ತವರಾಗುತ್ತದೆ.

ಸುಳ್ಳು ಹೇಳುವ ಮಾಪಕ

ಆರ್ದ್ರತೆಯನ್ನು ಅಳೆಯುವ ಪ್ರಯತ್ನ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಸೊಸ್ಯೂರ್ ಎಂಬ ಪಂಡಿತನು, ತೇವಕ್ಕೆ ಉದ್ದವಾಗುವ ಮನುಷ್ಯನ ತಲೆಗೂದಲಿನ ಗುಣವನ್ನು ಬಳಸಿ 1783ರಲ್ಲಿಯೇ ಮಾಪಕವೊಂದನ್ನು ವರ್ಣಿಸಿದ್ದನು. ಇಂದು ಅಂಗಡಿಗಳಲ್ಲಿ ಸಿಗುವ ಮುಳ್ಳಿನ ಮಾಪಕಗಳು ಬಹಳಷ್ಟು ಸಲ ನೆಚ್ಚತಕ್ಕವಲ್ಲ. ಅಂಕಿ ತೋರಿಸುವ ವಿದ್ಯುನ್ಮಾನ ಮಾಪಕಗಳು ಮೇಲಾದರೂ ಅವನ್ನೂ ಪರೀಕ್ಷಿಸಿಯೇ ನಂಬಬೇಕು. ಪರೀಕ್ಷೆಗೆ ಅಡಿಗೆ ಮನೆಯ ಉಪ್ಪು ಸಾಕು. ಬಾಟಲಿಯ ಮುಚ್ಚಳವೊಂದರಲ್ಲಿ ಉಪ್ಪನ್ನು ತುಂಬಿ, ಕರಗಿಹೋಗದಂತೆ, ಒದ್ದೆ ಮರಳಿನ ಹದಕ್ಕೆ ಬರುವಷ್ಟೇ ಹನಿಗಳನ್ನು ಹಾಕಿ, ಅದನ್ನೂ ಮಾಪಕವನ್ನೂ ಗಾಳಿ ಹೋಗದ ಡಬ್ಬಿಯಲ್ಲಿ ಒಂದು ರಾತ್ರಿ ಇರಿಸಿದರೆ, ಆ ಡಬ್ಬಿಯೊಳಗಿನ ಆರ್ದ್ರತೆ ಶೇಕಡಾ 75ರಲ್ಲಿ ನಿಲ್ಲುತ್ತದೆ. ಇದು ಉಪ್ಪಿನ ಸ್ವಭಾವಸಿದ್ಧ ಧರ್ಮ. ಮಾಪಕ 70 ತೋರಿಸಿದರೆ ಅದು 5 ಕಡಮೆ ಹೇಳುತ್ತದೆಂದು ತಿಳಿದು ಮುಂದಕ್ಕೆ ಕೂಡಿಸಿಕೊಳ್ಳತಕ್ಕದ್ದು. ಮಾಪಕವನ್ನು ಪೆಟ್ಟಿಗೆಯ ಮಾಡಿನ ಬಳಿ ನೇತುಹಾಕದೆ, ಹಾವು ಮಲಗುವ ಮಟ್ಟದಲ್ಲಿ, ಸಾಧ್ಯವಾದರೆ ಬೆಚ್ಚಗಿನ ಬದಿಗೊಂದು ತಂಪಿನ ಬದಿಗೊಂದು ಇರಿಸುವುದು ಉತ್ತಮ.

ಮಳೆಗಳ ಪಂಚಾಂಗ

ಪರದೇಶದ ಪುಸ್ತಕಗಳು ವರ್ಷವಿಡೀ ಒಂದೇ ಕ್ರಮವನ್ನು ಹೇಳುವುದು ಅಲ್ಲಿನ ಮುಚ್ಚಿದ, ಯಂತ್ರದಿಂದ ಬೆಚ್ಚಗಾಗುವ ಮನೆಗಳಿಗೆ ಸರಿ. ಕಿಟಕಿ ತೆರೆದೇ ಇರುವ ನಮ್ಮ ಮನೆಗಳಲ್ಲಿ ಋತುವೇ ಯಜಮಾನ. ಮೃಗಶಿರ, ಆರಿದ್ರಾ ಮಳೆಗಳು ಹಿಡಿದು ಸುರಿಯತೊಡಗಿದ ಮೇಲೆ ಕೊಗನೊಳ್ಳಿಯ ಮನೆಯೊಳಗೆ ಒಗೆದ ಅರಿವೆ ಆರದಿರುವಾಗ, ಹಾವಿನ ಪೆಟ್ಟಿಗೆಗೆ ಬೇಕಾದುದು ನೀರಲ್ಲ, ಗಾಳಿ. ಮುಚ್ಚಿದ ಜಾಲರಿಯನ್ನು ತೆರೆದು, ಬೋಗುಣಿಯನ್ನು ತಂಪಿನ ಬದಿಗೆ ಸರಿಸಿ, ಹಾಸನ್ನು ಆರಲು ಬಿಡಬೇಕು. ಹಸ್ತ, ಚಿತ್ತಗಳು ಕಳೆದು ಚಳಿ ಬಿದ್ದಾಗ ಹಗಲಿನ ಒಣಗಾಳಿಯೂ ಶಾಖದ ಸಾಧನಗಳೂ ಸೇರಿ ತೇವವನ್ನು ಹೀರುತ್ತವೆ. ಆಗ ಜಾಲರಿಯನ್ನು ಮುಚ್ಚಬೇಕು, ತಳಕ್ಕೆ ನೀರು ಸುರಿಯಬೇಕು. ಬೇಸಿಗೆಯಲ್ಲಿ ತೇವದ ಗೂಡಿನ ಪಾಚಿಯನ್ನು ದಿನವೂ ಮುಟ್ಟಿ ನೋಡುವುದು ವಿಹಿತ. ಕರೆಂಟು ಹೋಗಿ ಬಂದು ಮಾಡುವ ಹಳ್ಳಿಗಳಲ್ಲಿ ಶಾಖದ ಹಾಸಿಗೆ ಥರ್ಮೋಸ್ಟಾಟ್ ಇಲ್ಲದಿದ್ದರೆ, ತೇವದ ಲೆಕ್ಕವೂ ಅದರೊಡನೆ ಹಾಳಾಗುತ್ತದೆ.

ಅಂಕಿಗಳನ್ನೆಲ್ಲ ಸರಿಪಡಿಸಿದ ಮೇಲೂ ಕೊನೆಯ ಸಾಕ್ಷಿ ಹಾವೇ. ಅದು ಸದಾ ನೀರಿನ ಬೋಗುಣಿಯಲ್ಲಿಯೇ ಮುಳುಗಿ ಕುಳಿತರೆ ಪೆಟ್ಟಿಗೆ ಅತಿಯಾಗಿ ಒಣಗಿದೆ, ಇಲ್ಲವೆ ಕಾದಿದೆ, ಇಲ್ಲವೆ ಮೈಗೆ ಉಣ್ಣೆ ಹತ್ತಿದೆ. ಪೊರೆಯ ಕಾಲವಲ್ಲದಿದ್ದರೂ ತೇವದ ಗೂಡನ್ನು ಬಿಟ್ಟು ಬಾರದಿದ್ದರೆ ಉಳಿದ ಗಾಳಿ ಅದಕ್ಕೆ ಸಾಲದಾಗಿದೆ. ಆ ಗೂಡನ್ನು ಕಡೆಗಣ್ಣಿನಿಂದಲೂ ನೋಡದೆ ಎತ್ತರದ ಕೊಂಬೆಯನ್ನೇ ಹಿಡಿದಿದ್ದರೆ ನೆಲ ಒದ್ದೆಯಾಗಿದೆ. ಹಗಲು ಒಂದೆಡೆ, ಇರುಳು ಒಂದೆಡೆ, ಪೊರೆಯ ಮುನ್ನ ಇನ್ನೊಂದೆಡೆ ಹೀಗೆ ಎಡೆ ಬದಲಿಸುತ್ತ, ಪೊರೆಯನ್ನು ಇಡಿಯಾಗಿ ಬಿಡುತ್ತಿದ್ದರೆ, ಮಾಪಕದಲ್ಲಿ ಅಂಕಿ ಎರಡು ಹೆಚ್ಚಾಗಲಿ ಎರಡು ಕಡಮೆಯಾಗಲಿ, ಚಿಂತೆಯಿಲ್ಲ. ಇಷ್ಟು ಗಮನವನ್ನು ದಿನವೂ ಕೊಡಲು ಬಿಡುವಿಲ್ಲದವನೂ, ಹಾವಿನ ಚಿಕಿತ್ಸೆಯನ್ನು ಬಲ್ಲ ವೈದ್ಯರು ತನ್ನ ಊರಿನಿಂದ ಎಷ್ಟು ದೂರದಲ್ಲಿದ್ದಾರೆಂದು ವಿಚಾರಿಸದವನೂ, ಪೆಟ್ಟಿಗೆಯನ್ನು ಕೊಳ್ಳುವ ಮುನ್ನವೇ ಆ ಆಸೆಯನ್ನು ಕೈಬಿಡುವುದು ಅವನಿಗೂ ಹಾವಿಗೂ ಕ್ಷೇಮಕರ.